ಸಹಾಯ ಬೇಕು: ಹಿನ್ನೀರಿನಲ್ಲಿ ಮೀನು ಹಿಡಿಯುವುದನ್ನು ತೋರಿಸಲು ಟಿವಿಯವರು ಬರುತ್ತಿದ್ದಾರೆ

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ್ರಿ. ಬರುವ ಶನಿವಾರ ಬೆಂಗಳೂರಿನಿಂದ ಟಿವಿಯವರು ಐದು ಜನ ಬರುತ್ತಿದ್ದಾರೆ. ಬಾಗಲಕೋಟೆ ಹತ್ತಿರ ಆಲಮಟ್ಟಿ ಹಿನ್ನೀರಿನಲ್ಲಿ ಅಪ್ಪ ಬಲೆ ಹಾಕುವುದನ್ನು ಶೂಟ್ ಮಾಡುತ್ತಾರಂತೆ.

ನಮ್ಮದು ಒಂದೇ ತೆಪ್ಪ. ಅಪ್ಪ, ಬಲೆ, ಮೇಲೆ ಒಬ್ಬರು ಕೂತರೆ ಮುಗೀತು. ಕ್ಯಾಮೆರಾದವರಿಗೆ ಒಂದು ಮೋಟಾರ್ ದೋಣಿ ಬೇಕು, ಜೊತೆಗೆ ಏಳು ಲೈಫ್ ಜಾಕೆಟ್. ಬಾಡಿಗೆ ಕೊಡುತ್ತೇವೆ. ಜಾಕೆಟ್ ಇಲ್ಲದೆ ನಾನು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ, ಯಾಕಂದ್ರೆ ಮುಳುಗಡೆಯಾದ ಊರುಗಳ ಗೋಡೆ, ಜಾಲಿ ಬೊಡ್ಡೆ ಎಲ್ಲಾ ನೀರಿನ ಕೆಳಗೆ ಹಾಗೇ ಇವೆ, ಬಲೆ ಸಿಕ್ಕಿಕೊಂಡು ಎಳೆಯುವಾಗ ತೆಪ್ಪ ಒಮ್ಮೆಲೇ ವಾಲುತ್ತದೆ.

ಇನ್ನೊಂದು ಚಿಂತೆ. ಅವರು ಬೆಳಿಗ್ಗೆ ಹತ್ತಕ್ಕೆ ಶುರು ಮಾಡೋಣ ಅಂತಾರೆ. ನಾವು ಸಂಜೆ ಬಲೆ ಬಿಟ್ಟು, ನಸುಕಿನಲ್ಲಿ ಎತ್ತುವವರು, ಹತ್ತಕ್ಕೆ ರೋಹು, ಕಾಟ್ಲಾ ಎಲ್ಲಾ ಪೇಟೆ ಸೇರಿರುತ್ತವೆ. ಹಿಂದೆ ಒಂದು ತಂಡ ಸಂತೆಯಿಂದ ಮೀನು ತಂದು ಬಲೆಗೆ ಸಿಕ್ಕಿಸಿ ಶೂಟ್ ಮಾಡಿತ್ತು. ಅಪ್ಪನಿಗೆ ತುಂಬಾ ನೋವಾಯ್ತು. ಈ ಸಲ ಹಾಗಾಗಬಾರದು. ಶೂಟಿಂಗ್ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ, ಟಿವಿಯವರಿಗೆ ಹೇಗೆ ಹೇಳಿದರೆ ನಸುಕಿನಲ್ಲೇ ಶುರು ಮಾಡಲು ಒಪ್ಪುತ್ತಾರೆ, ತಿಳಿಸಿ.

ಡ್ರೋನ್ ಕೂಡ ತರುತ್ತಾರಂತೆ. ಡ್ಯಾಮ್ ಹತ್ತಿರ ಹಾರಿಸಲು ಯಾರ ಅನುಮತಿ ಬೇಕು? ಊಟದ ಚಿಂತೆ ಇಲ್ಲ, ಅವ್ವ ರೊಟ್ಟಿ, ಮೀನಿನ ಸಾರು ಮಾಡುತ್ತಾಳೆ. ದೋಣಿ ಇದ್ದವರು ಗುರುವಾರದೊಳಗೆ ಇಲ್ಲೇ ಮೆಸೇಜ್ ಮಾಡಿ.