ಮಲಯಾಳದ ಮಾತಿಗೆ ಕನ್ನಡ ಪದ ಬೇಕು (ಸಂಜೆಯೊಳಗೆ): ‘ಅಂತರೀಕ್ಷ ಮಲಿನೀಕರಣ’, ‘ಚಟ್ಟಂ’, ‘ಪ್ರಮೇಯಂ’

ಕುಂಬಳೆಯಿಂದ:

ಕೇರಳದ ಕಾಸರಗೋಡಿನ ನಮ್ಮ ಕಡೆಯ ಒಂದು ಗ್ರಾಮ ಪಂಚಾಯತ್ ಕೇಂದ್ರ ಸರಕಾರಕ್ಕೆ ಮನವಿ ಕಳುಹಿಸುತ್ತಿದೆ. ವಾಯುಮಾಲಿನ್ಯದ ಕಾನೂನನ್ನು ದೇಶದಾದ್ಯಂತ ಇನ್ನಷ್ಟು ಬಿಗಿಗೊಳಿಸಿ ಎನ್ನುವುದು ಅದರ ತಿರುಳು. ಹೆದ್ದಾರಿ 66ರ ಅಗಲೀಕರಣದ ಧೂಳು ಅಂಗಳದ ಅಡಿಕೆಯ ಮೇಲೆ ಕೂರುತ್ತಿರುವಾಗ ಯಾರೂ ಬೇಡವೆನ್ನಲಿಲ್ಲ. ಎಲ್ಲ ಪಕ್ಷದವರೂ ಕೈ ಎತ್ತಿದ್ದಾರೆ. ಮೂಲ ಮಲಯಾಳದಲ್ಲಿದೆ. ಕನ್ನಡ ಪ್ರತಿ ಮತ್ತು ಕಚೇರಿಯ ಎದುರು ಕಟ್ಟುವ ಬ್ಯಾನರಿನ ಬರಹ ನನ್ನ ಪಾಲಿಗೆ ಬಂದಿದೆ. ಮುದ್ರಣದವರು ಐದು ಗಂಟೆಗೆ ಅಂಗಡಿ ಮುಚ್ಚುತ್ತಾರೆ.

ನನಗಿಂತ ಮೊದಲು ಯಾರೋ ಮಾಡಿಟ್ಟ ಕರಡು ಹೀಗಿದೆ: ‘ಅಂತರಿಕ್ಷ ಮಲಿನೀಕರಣದ ಚಟ್ಟಗಳನ್ನು ಬಿಗಿಗೊಳಿಸುವ ಪ್ರಮೇಯ’. ಬಾಹ್ಯಾಕಾಶದಲ್ಲಿ ಹೆಣಕ್ಕೆ ಚಟ್ಟ ಬಿಗಿಯುವ ರೇಖಾಗಣಿತದ ಲೆಕ್ಕ! ಪ್ರಮೇಯವನ್ನು ‘ನಿರ್ಣಯ’ ಎಂದು ತಿದ್ದಿದ್ದೇನೆ. ಅಂತರೀಕ್ಷಕ್ಕೆ ವಾತಾವರಣವೋ, ವಾಯುವೋ? ಮೂಲದಲ್ಲಿ ಒಂದು ಕಡೆ ‘ನಿಯಮಂ’, ಇನ್ನೊಂದು ಕಡೆ ‘ಚಟ್ಟಂ’ ಇದೆ. ಎರಡಕ್ಕೂ ‘ಕಾನೂನು’ ಸಾಕೇ?

ಬದಿಯಡ್ಕದಿಂದ:

ಅಂತರಿಕ್ಷವನ್ನು ನೋಡಿ ನಗುವ ಮೊದಲು ವೇದದ ಪದಗಳಿಗೆ ಅರ್ಥ ಹೇಳುವ ಯಾಸ್ಕನ ನಿರುಕ್ತ ನೋಡಬೇಕಿತ್ತು. ಅಗ್ನಿಗೆ ಪೃಥ್ವಿ, ವಾಯುವಿಗೆ ಅಂತರಿಕ್ಷ, ಸೂರ್ಯನಿಗೆ ದ್ಯುಲೋಕ ಎಂದು ಅಲ್ಲಿ ಸ್ಥಾನ ಹಂಚಿದ್ದಾರೆ. ನೆಲಕ್ಕೂ ಸ್ವರ್ಗಕ್ಕೂ ನಡುವಿನದು, ಗಾಳಿಯ ಮನೆ, ಅದೇ ಅಂತರಿಕ್ಷ. ಮಲಯಾಳಿಗಳು ಹಳೆಯ ಅರ್ಥವನ್ನು ಉಳಿಸಿಕೊಂಡರು. ಕನ್ನಡಿಗರು ಅದನ್ನು ರಾಕೆಟ್ಟಿಗೆ ಕಟ್ಟಿ ಮೇಲಕ್ಕೆ ಕಳುಹಿಸಿದರು. ಇದರಲ್ಲಿ ತಪ್ಪು ಯಾರದು? ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎಲ್ಲಿಂದ? ಆ ವಿಷ ಬಿದ್ದ ಪಡ್ರೆ ಊರಿನವರಿಗೆ ಅಂತರಿಕ್ಷದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಂಗಳೂರಿನಿಂದ:

ಬ್ಯಾನರನ್ನು ಯಾಸ್ಕ ಓದುವುದಿಲ್ಲ. ಬಸ್ಸಿನಲ್ಲಿ ಕುಳಿತವರು ಓದುತ್ತಾರೆ. ‘ವಾಯುಮಾಲಿನ್ಯ’. ಮುಗಿಯಿತು.

ಧಾರವಾಡದಿಂದ:

ಮುಗಿಯಲಿಲ್ಲ. ವಾಯುವೂ ನಮ್ಮದಲ್ಲ, ಮಾಲಿನ್ಯವೂ ನಮ್ಮದಲ್ಲ. ‘ಗಾಳಿಗೇಡು ತಡೆ ಕಟ್ಟಳೆ’ ಎಂದು ಬರೆಯಿರಿ. ಕಟ್ಟು ಎಂಬುದರಿಂದಲೇ ಕಟ್ಟಳೆ. ಇನ್ನು ಚಟ್ಟವನ್ನು ಕಂಡು ಹೆದರುವುದೇಕೆ? ತಮಿಳಿನ ಚಟ್ಟಂ ಎಂದರೆ ಮರದ ಚೌಕಟ್ಟೂ ಹೌದು, ಕಾನೂನೂ ಹೌದು. ನಮ್ಮಲ್ಲಿ ಬಿದಿರಿನ ಚೌಕಟ್ಟು ಮಾತ್ರ ಉಳಿದು ಸ್ಮಶಾನ ಸೇರಿತು. ಸಂಸ್ಕೃತದ ಹೊರೆ ಹೊತ್ತು ಹೊತ್ತು ನಾವು ಕಳೆದುಕೊಂಡ ಅರ್ಥ ಅದು. ನಿರ್ಣಯವೂ ಬೇಕಾಗಿಲ್ಲ, ಗೊತ್ತುವಳಿ ಇದೆ.

ಬದಿಯಡ್ಕದಿಂದ:

ಗಾಳಿಗೇಡು ಎಂದು ಕಚೇರಿಯ ಎದುರು ಬರೆದರೆ ನಮ್ಮೂರಿನ ಅಜ್ಜಿಯಂದಿರು ಯಾರಿಗೋ ಗಾಳಿ ಸೋಂಕಿದೆ ಎಂದುಕೊಂಡು ನೂಲು ಮಂತ್ರಿಸಿ ತರುತ್ತಾರೆ. 1981ರ ವಾಯು ಕಾಯ್ದೆಯಲ್ಲಿ ಮಾಲಿನ್ಯಕಾರಕದ ವ್ಯಾಖ್ಯೆಗೆ 1987ರಲ್ಲಿ ಶಬ್ದವನ್ನೂ ಸೇರಿಸಿದ್ದಾರೆ. ಕ್ರಷರಿನ ಸದ್ದು ಗಾಳಿಗೇಡೋ, ಕಿವಿಗೇಡೋ?

ಅಕ್ಕಲಕೋಟೆಯಿಂದ:

ಗೊತ್ತುವಳಿ, ನಿರ್ಣಯ ಎಂದು ಜಗಳವಾಡುವವರ ಗಮನಕ್ಕೆ: ನಮ್ಮಲ್ಲಿ ‘ಠರಾವು’. ಮರಾಠಿಯಿಂದ ಬಂದದ್ದು, ಬಂದು ತಲೆಮಾರುಗಳಾದವು, ಇನ್ನೂ ಯಾರೂ ಸತ್ತಿಲ್ಲ.

ಹೊಸೂರಿನಿಂದ:

ಕೇಳಿದ ಎರಡನೆಯ ಪ್ರಶ್ನೆಗೆ ಇಷ್ಟು ಹೊತ್ತಾದರೂ ಒಬ್ಬರೂ ಉತ್ತರಿಸಿಲ್ಲ. ಅಮ್ಮಾ, ‘ಕಾನೂನು’ ಎಂದು ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಇಲ್ಲಿ ತಮಿಳಿನಲ್ಲಿ ಚಟ್ಟಂ ಎಂದರೆ ಕಾಯ್ದೆ. ಮಲಯಾಳದಲ್ಲಿ ನಿಯಮಂ ಎಂದರೆ ಕಾಯ್ದೆ, ಅದರ ಅಡಿಯಲ್ಲಿ ಮಾಡಿದ್ದು ಚಟ್ಟಂ. ಕನ್ನಡದಲ್ಲಿ ‘ನಿಯಮ’ ಆ ಕೆಳಗಿನ ಮೆಟ್ಟಿಲು; ಮೇಲಿನದು ಕಾಯ್ದೆ, ಸರಕಾರಿ ಕನ್ನಡದಲ್ಲಿ ಅಧಿನಿಯಮ. ಮಲಯಾಳದ ನಿಯಮವನ್ನು ಹಾಗೆಯೇ ಇಳಿಸಿದರೆ ಬೇಡಿಕೆ ಒಂದು ಮೆಟ್ಟಿಲು ಕೆಳಗೆ ಜಾರುತ್ತದೆ.

ಇದು ಬರಿಯ ಪದದ ಗೊಡವೆಯಲ್ಲ. ಉಸಿರಾಡುವ ಗಾಳಿಯಲ್ಲಿ ಪಿಎಂ 2.5 ಎಂಬ ಅತಿಸೂಕ್ಷ್ಮ ಕಣಗಳು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದು ಎನ್ನುವುದು 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ಅಧಿಸೂಚನೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಆ 40ನ್ನು ಇಳಿಸಲು ಸಂಸತ್ತು ಸೇರಬೇಕಾಗಿಲ್ಲ. ಶಿಕ್ಷೆಯ ಮಾತು ಬೇರೆ. ಅದು 1981ರ ಕಾಯ್ದೆಯ ಒಳಗೇ ಇದೆ. 2023ರ ಜನ್ ವಿಶ್ವಾಸ್ ತಿದ್ದುಪಡಿ ಅಲ್ಲಿನ ಹಲವು ತಪ್ಪುಗಳಿಗೆ ಜೈಲನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಅದನ್ನು ಬದಲಿಸಲು ಸಂಸತ್ತೇ ಬೇಕು. ನಿಮ್ಮ ಪಂಚಾಯತ್ ಕೇಳುತ್ತಿರುವುದು ಯಾವುದನ್ನು? ಅದು ಗೊತ್ತಾಗದೆ ಪದ ಸಿಗುವುದಿಲ್ಲ.

ಧಾರವಾಡದಿಂದ:

ಅಧಿನಿಯಮ, ನಿಯಮ, ವಿನಿಯಮ. ಒಂದೇ ಕಲ್ಲಿಗೆ ಮೂರು ಹೆಸರು. ಇದಕ್ಕೇ ಜನ ಸರಕಾರಿ ಕನ್ನಡ ಓದುವುದನ್ನು ಬಿಟ್ಟದ್ದು.

ಮಂಗಳೂರಿನಿಂದ:

‘ಕಟ್ಟಳೆ’ ಓದಿ ಯಾವ ಕ್ರಷರ್ ನಿಂತಿದೆ?

ಕುಂಬಳೆಯಿಂದ:

ಹೊಸೂರಿನ ಅಣ್ಣನಿಗೆ ವಂದನೆ. ಫೋನಿನಲ್ಲಿ ವಾರ್ಡ್ ಸದಸ್ಯರನ್ನು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಎರಡನ್ನೂ ಕೇಳಿದರೆ ಏನು ನಷ್ಟ?’ ಎಂದರು. ಮೂಲ ಬರೆದವರೂ ಹಾಗೆಯೇ ಯೋಚಿಸಿರಬೇಕು, ಅದಕ್ಕೇ ಎರಡು ಪದ. ಮನವಿಯಲ್ಲಿ ‘1981ರ ವಾಯು ಕಾಯ್ದೆಯನ್ನೂ ಅದರ ಅಡಿಯ ನಿಯಮ ಹಾಗೂ ಮಾನಕಗಳನ್ನೂ’ ಎಂದು ಬಿಡಿಸಿ ಬರೆದಿದ್ದೇನೆ. ಬ್ಯಾನರಿಗೆ: ‘ಶುದ್ಧ ಗಾಳಿಗೆ ಬಿಗಿ ಕಾಯ್ದೆ: ಪಂಚಾಯತ್ ನಿರ್ಣಯ’. ಬದಿಯಡ್ಕದ ಮಾಸ್ತರರೇ, ಅಂತರಿಕ್ಷವನ್ನು ಬಿಟ್ಟಿದ್ದೇನೆ, ಕ್ಷಮಿಸಿ. ಪಡ್ರೆಯ ಮಾತನ್ನು ಮಾತ್ರ ಮರೆಯುವುದಿಲ್ಲ.

ಈಗ ಹೊಸ ತಾಪತ್ರಯ. ಮುದ್ರಣದ ಹುಡುಗನಿಗೆ ಕನ್ನಡ ಬರುವುದಿಲ್ಲ, ಅವನ ಕಂಪ್ಯೂಟರಿಗೂ ಒತ್ತಕ್ಷರ ಬರುವುದಿಲ್ಲ. ‘ಶುದ್ಧ’ದ ಧಕಾರ ದಕಾರದ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತಿದೆ, ‘ಕಾಯ್ದೆ’ಯಲ್ಲಿ ಯ್ ಒಂದು ಕಡೆ, ದೆ ಇನ್ನೊಂದು ಕಡೆ. ಆ ಒಂದು ಸಾಲನ್ನು ಅಕ್ಷರ ಒಡೆಯದಂತೆ ಚಿತ್ರವಾಗಿ ಮಾಡಿ ಯಾರಾದರೂ ಕಳುಹಿಸಬಹುದೇ? ಅಳತೆ ಆರಡಿಗೆ ಮೂರಡಿ. ಗಂಟೆ ನಾಲ್ಕೂ ಹತ್ತು.