ಆ ಮೂಟೆ ಕಡಲೆಕಾಯಿ ಬೀಜದ ವಿಷಯ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಅಣ್ಣ ಪಾವಗಡದಿಂದ ತಂದ ಕಡಲೆಕಾಯಿ ಬೀಜ ಒಂದು ಕಡೆ ಮುಗ್ಗು ವಾಸನೆ ಬರ್ತಿದೆ, ತೊಳೆದು ಒಣಗಿಸಿ ಹುರಿದು ಚಟ್ನಿಪುಡಿ ಮಾಡಿಬಿಡಲಾ ಅಂತ ಕೇಳಿದ್ದೀರಿ. ಬೇಡ, ಸ್ವಲ್ಪ ತಡೆಯಿರಿ. ಬಸ್ಸಿನಲ್ಲಿದ್ದೇನೆ, ಉದ್ದ ಆದರೆ ಬೈಕೋಬೇಡಿ.

ಹುರಿದರೆ ಬೂಷ್ಟು ಸಾಯುತ್ತದೆ, ವಾಸನೆಯೂ ಅಡಗುತ್ತದೆ. ಆದರೆ ಬೂಷ್ಟು ಬಿಟ್ಟ ವಿಷ, ಅಫ್ಲಾಟಾಕ್ಸಿನ್, ಬಾಣಲೆ ಬಿಸಿಗೆ ಪೂರ್ತಿ ಹೋಗುವುದಿಲ್ಲ. ಬೆಳ್ಳುಳ್ಳಿ, ಖಾರ ಬಿದ್ದ ಮೇಲಂತೂ ನಾಲಿಗೆಗೆ ಗೊತ್ತೇ ಆಗದು. ದಿನಾ ಒಳಗೆ ಹೋದರೆ ಲಿವರ್ ಕ್ಯಾನ್ಸರ್‌ವರೆಗೂ ಹೋಗಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿ ಸತ್ತು, ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನ ಕಡಲೆಕಾಯಿ ಹಿಂಡಿ. ಈ ವಿಷ ಪತ್ತೆಯಾಗಿದ್ದೇ ಹಾಗೆ.

ಇಂಥ ಮೂಟೆ ನಮ್ಮ ಲ್ಯಾಬಿಗೆ ಪರೀಕ್ಷೆಗೆ ಬಂದರೆ ನಾಲ್ಕು ಬೀಜ ತಿಂದು ನೋಡುವುದಿಲ್ಲ. ಮೂಟೆಯ ಮೇಲೆ, ನಡುವೆ, ತಳದಿಂದ ತೆಗೆದು ಕೆಜಿಗಟ್ಟಲೆ ಒಟ್ಟಿಗೆ ಪುಡಿ ಮಾಡುತ್ತೇವೆ. ಸಾವಿರ ಬೀಜ ಸರಿಯಿದ್ದು ಒಂದರಲ್ಲೇ ವಿಷ ತುಂಬಿರಬಹುದು. ಮನೆಯಲ್ಲಿ ನಮಗೆ ಅನುಕೂಲ ಆಗುವುದೂ ಇದೇ. ಮೊರದಲ್ಲಿ ಹರವಿಕೊಂಡು ಕೂತು ಆರಿಸಿ. ಸುಕ್ಕಾದ್ದು, ಜೊಳ್ಳು, ಬಣ್ಣ ತಿರುಗಿದ್ದು, ಹುಳ ಕೊರೆದದ್ದು, ಹಸಿರು ಪುಡಿ ಕೂತದ್ದು ಎಲ್ಲಾ ಆಚೆ. ವಿಷದಲ್ಲಿ ದೊಡ್ಡ ಪಾಲು ಅವುಗಳ ಜೊತೆಗೇ ಹೋಗುತ್ತದೆ. ಮುಗ್ಗಿದ ಆ ಮೂಲೆಯದ್ದನ್ನು ಆರಿಸಲೂ ಹೋಗಬೇಡಿ, ಹಾಗೇ ಎತ್ತಿಬಿಡಿ. ತಿನ್ನುವಾಗ ಕಹಿ ಬೀಜ ಸಿಕ್ಕರೆ ಉಗುಳಿ, ಬೀಗರ ಮನೆಯಲ್ಲಾದರೂ ಸರಿ! ತೊಳೆಯುವುದು ಬೇಡವೇ ಬೇಡ, ತೇವ ಸಿಕ್ಕರೆ ಬೂಷ್ಟಿಗೆ ಹಬ್ಬ. ಉಳಿದದ್ದನ್ನು ಚೆನ್ನಾಗಿ ಒಣಗಿಸಿ ಬಿಗಿ ಡಬ್ಬಿಗೆ ಹಾಕಿ. ಸಿಮೆಂಟ್ ನೆಲದ ಮೇಲೆ ಮೂಟೆ ಇಡಬೇಡಿ, ಕೆಳಗೆ ಹಲಗೆ ಇರಲಿ.

ಅಣ್ಣನನ್ನೂ ಬೈಯಬೇಡಿ. ಬೆಳೆಯ ಕೊನೆಯ ದಿನಗಳಲ್ಲಿ ಮಳೆ ಕೈಕೊಟ್ಟರೆ ಕಾಯಿ ಮಣ್ಣಲ್ಲಿರುವಾಗಲೇ ಬೂಷ್ಟು ಹತ್ತುತ್ತದೆ.

ಇನ್ನೊಂದು, ಆರಿಸಿ ತೆಗೆದದ್ದನ್ನು 'ಹಸುವಿಗಾದರೂ ಆಗಲಿ' ಅಂತ ಹಾಕಬೇಡಿ. ಆ ವಿಷ ಹಾಲಿನಲ್ಲಿ ವಾಪಸ್ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿಗೆ ನಮ್ಮಲ್ಲಿ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ, ಅಷ್ಟು ಕಡಿಮೆ. ಗಾಣಕ್ಕೂ ಕಳಿಸಬೇಡಿ, ಎಣ್ಣೆ ರಿಫೈನ್ ಆಗದೆ ಹಾಗೇ ಬರುತ್ತದಲ್ಲ, ವಿಷ ಅದರಲ್ಲೂ ಉಳಿಯುತ್ತದೆ. ಹಿತ್ತಲಲ್ಲಿ ಗುಂಡಿ ತೆಗೆದು ಮುಚ್ಚಿಬಿಡಿ. ಆರಿಸಿದ ಮೇಲೆ ಒಂದು ಫೋಟೋ ಹಾಕಿ, ನೋಡ್ತೀನಿ. ಸ್ಟಾಪ್ ಬಂತು, ಇಳೀತೀನಿ.