ಕಾಫಿ ಪೂಲ್ ಹೋದದ್ದು ರೇಟಿನಿಂದಲೇನಾ?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ಪೊನ್ನಂಪೇಟೆ): ನಮಸ್ತೆ ಸರ್. ಕಾಫಿ ಪೂಲ್ ಪದ್ಧತಿ ರದ್ದಾದ ಬಗ್ಗೆ ಪ್ರಬಂಧ ಬರೀತಿದ್ದೀನಿ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರ್ತಿತ್ತು, ಹೊರಗೆ ರೇಟ್ ಜಾಸ್ತಿಯಿತ್ತು, ಅದಕ್ಕೇ ಪೂಲ್ ಹೋಯ್ತು ಅಂತಾರೆ ಅಜ್ಜ. ಗೈಡ್ ಮಾತ್ರ ‘ಥಿಯರಿ ಎಲ್ಲಿ?’ ಅಂತ ಕೇಳ್ತಾರೆ. ಕಾರಣ ಗೊತ್ತಿರುವಾಗ ಥಿಯರಿ ಯಾಕೆ ಬೇಕು?

ಉತ್ತರ (ಸಾರ್ವಜನಿಕ ನೀತಿ ಸಂಶೋಧಕ, ಮಡಿಕೇರಿ): ಅಜ್ಜನ ಮಾತನ್ನು ಬಿಡಬೇಡಿ, ಅದನ್ನೇ ಒರೆಗೆ ಹಚ್ಚಿ. 1975ರಲ್ಲಿ ಬ್ರೆಜಿಲ್‌ನಲ್ಲಿ ವಿಪರೀತ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಕರಕಲಾದವು. 1977ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ಗಗನಕ್ಕೇರಿತ್ತು. ಪೂಲ್ ಮಾತ್ರ ಕದಲಲಿಲ್ಲ. ಬರೀ ರೇಟೇ ಕಾರಣವಾಗಿದ್ದರೆ ಆಗಲೇ ಹೋಗಬೇಕಿತ್ತು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ಗೊತ್ತುಮಾಡುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರಲ್ಲಿ ಬಿದ್ದುಹೋದದ್ದೇ ಕಾರಣ ಅನ್ನುವವರೂ ಇದ್ದಾರೆ. 1970ರ ದಶಕದ ಬಹುಪಾಲು ಆ ಕೋಟಾ ಜಾರಿಯಲ್ಲಿರಲಿಲ್ಲ. ಆಗಲೂ ಪೂಲ್ ಇತ್ತು.

ಥಿಯರಿ ಬೇಕಾಗುವುದು ಇಲ್ಲೇ. ಅಮೆರಿಕದ ರಾಜ್ಯಶಾಸ್ತ್ರಜ್ಞ ಜಾನ್ ಕಿಂಗ್ಡನ್ 1984ರಲ್ಲಿ ಹೇಳಿದ್ದು ಇದು: ಸಮಸ್ಯೆ, ಪರಿಹಾರ, ರಾಜಕೀಯ ಮೂರೂ ತಮ್ಮ ಪಾಡಿಗೆ ಹರಿಯುತ್ತಿರುತ್ತವೆ. ಅವು ಕೂಡಿದಾಗ ನೀತಿ ಬದಲಾಗುವ ಅವಕಾಶ ತೆರೆಯುತ್ತದೆ, ಅದೂ ಸ್ವಲ್ಪ ಕಾಲ. 1977ರಲ್ಲಿ ಬೆಲೆಯ ಅಂತರ ಇತ್ತು, ದಿಲ್ಲಿಗೆ ಮನಸ್ಸಿರಲಿಲ್ಲ. 1991ರಲ್ಲಿ ವಿದೇಶಿ ವಿನಿಮಯ ಬರಿದಾಗುತ್ತ ಬಂದು ಉದಾರೀಕರಣ ಶುರುವಾಯಿತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೂ ಅದೇ ವರ್ಷ ಒಡೆಯಿತು. 1993ರಲ್ಲಿ ಅರ್ಧ ಬೆಳೆಯನ್ನು ಬೆಳೆಗಾರರೇ ಮಾರಬಹುದೆಂದಾಯಿತು, 1996ರಲ್ಲಿ ಪೂರ್ತಿ.

ಬಾಮ್‌ಗಾರ್ಟ್ನರ್ ಮತ್ತು ಜೋನ್ಸ್ ಎಂಬ ಇನ್ನಿಬ್ಬರು ರಾಜ್ಯಶಾಸ್ತ್ರಜ್ಞರು ನೋಡುವುದು ಬೇರೆ: ನೀತಿ ದಶಕಗಟ್ಟಲೆ ಹಾಗೇ ಇದ್ದು ಒಮ್ಮೆಲೇ ಯಾಕೆ ಪಲ್ಟಿ ಹೊಡೆಯುತ್ತದೆ? ಎರಡನೇ ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರನನ್ನು ಉಳಿಸಿದ ಪೂಲ್, 1990ರ ದಶಕದಲ್ಲಿ ಅವನ ಕೈ ಕಟ್ಟಿಹಾಕುವ ಕಾನೂನಾಗಿ ಕಂಡಿತು.

ಕೊಡಗಿಗೆ ನನಗೆ ಹೆಚ್ಚು ಹೊಂದುತ್ತದೆ ಅನ್ನಿಸುವುದು ನೀತಿ ಅಧ್ಯಯನದ ವಿದ್ವಾಂಸ ಪಾಲ್ ಸಬಾಟಿಯರ್ ಚೌಕಟ್ಟು. ಒಂದೇ ನಂಬಿಕೆಯ ಜನ ಗುಂಪುಗೂಡಿ ನೀತಿಯನ್ನು ತಮ್ಮ ಕಡೆಗೆ ಹತ್ತಾರು ವರ್ಷ ಎಳೆದಾಡುತ್ತಾರೆ ಅನ್ನುತ್ತದೆ ಅದು. ‘ಬೆಳೆಗಾರರು ಕೇಳಿದರು’ ಅಂತ ಒಂದೇ ಸಾಲಿನಲ್ಲಿ ಬರೆದುಬಿಡಬೇಡಿ. ಎರಡು ಎಕರೆಯವರು, ದೊಡ್ಡ ಎಸ್ಟೇಟಿನವರು, ಕಾಫಿ ಬೀಜದ ಸಿಪ್ಪೆ ತೆಗೆದು ಹದಮಾಡುವ ಕ್ಯೂರಿಂಗ್‌ನವರು, ರಫ್ತುದಾರರು, ಪ್ರತಿಯೊಬ್ಬರ ಲೆಕ್ಕವೂ ಬೇರೆ.

ಬೆಳೆಗಾರ, ಸೋಮವಾರಪೇಟೆ: ಸರ್, ಎಲ್ಲ ಮುಗಿದ ಮೇಲೆ ಮೂರೂ ಕೂಡಿದವು ಅಂತ ಯಾವುದಕ್ಕೆ ಬೇಕಾದರೂ ಹೇಳಬಹುದಲ್ಲ?

ಉತ್ತರ: ಹೇಳಬಹುದು. ಅದಕ್ಕೇ ಕಡತ ತೆರೆಯುವ ಮೊದಲೇ, ಏನು ಸಿಕ್ಕರೆ ನನ್ನ ವಾದ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಬೇಕು. ಪರಿಹಾರ ಮೊದಲೇ ಸಿದ್ಧವಿತ್ತು ಅನ್ನುವುದಾದರೆ, 1991ಕ್ಕೆ ಮುಂಚಿನ ಬೆಳೆಗಾರ ಸಂಘಗಳ ಮನವಿಗಳಲ್ಲಿ ‘ಇಷ್ಟು ಪಾಲು ನಾವೇ ಮಾರುತ್ತೇವೆ’ ಅನ್ನುವ ಬೇಡಿಕೆ ಕಾಣಬೇಕು. ಆಮೇಲಷ್ಟೇ ಕಂಡರೆ ಕಿಂಗ್ಡನ್‌ರ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ವಿದ್ಯಾರ್ಥಿನಿ: ಹಾಗಾದ್ರೆ ಅಜ್ಜ ಹೇಳಿದ್ದು ತಪ್ಪಾ ಸರ್?

ಉತ್ತರ: ಪೂರ್ತಿ ತಪ್ಪಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಅದೇ ಚಳಿ ಬಿದ್ದು ರೇಟ್ ಜಿಗಿಯಿತು. ಅಷ್ಟರಲ್ಲಿ ಅರ್ಧ ಬೆಳೆ ಬೆಳೆಗಾರರ ಕೈಗೆ ಬಂದಿತ್ತು, ಆ ಲಾಭ ನೇರ ಮನೆಗೇ ಬಂತು. 1996ರ ತೀರ್ಮಾನಕ್ಕೆ ಅದು ಬಲ ಕೊಟ್ಟಿರಬಹುದು. 1993ರದಕ್ಕೆ ಹೇಗೆ ಕಾರಣವಾದೀತು? 1993, 1996 ಎರಡರ ತೀರ್ಮಾನಕ್ಕೂ ಬೇರೆ ಬೇರೆ ಅಧ್ಯಾಯ ಮಾಡಿ, ಅಜ್ಜನನ್ನು ಒಂದೊಂದರ ಬಗ್ಗೆಯೂ ಪ್ರತ್ಯೇಕವಾಗಿ ಕೇಳಿ.